ಚಂದಕ್ಕನ ಬೇವಿನ ಕೋಲು

ಯಾರ ಮನೆಯೇ ಇರಲಿ, ಹೊಸ್ತಿಲು ದಾಟುವ ಮೊದಲು ಚಂದಕ್ಕ ಬೇವಿನ ಕೋಲಿನಿಂದ ನೆಲವನ್ನು ಧಡಧಡ ಬಡಿಯುತ್ತಿದ್ದಳು. ಬಡಿದು, ಕಿವಿಗೊಟ್ಟು ನಿಲ್ಲುವಳು. ಒಳಗೆಲ್ಲೋ ಇಲಿ ಸರಬರ ಓಡಿದರೆ ನಕ್ಕು ಕಾಲಿಡುವಳು. ಮದುವೆಮನೆಯಲ್ಲೂ ಇದೇ ಕತೆ. "ಚಂದಕ್ಕ ಬಂದ್ಲು, ಇಲಿಗೋಳೇ ಓಡ್ರಿ!" ಎಂದು ಹೆಂಗಸರು ಚೇಷ್ಟೆ ಮಾಡಿದರೆ, "ನಗ್ರಿ, ನಗ್ರಿ. ಇಲಿ ಓಡೋ ಮನ್ಯಾಗ ಮನುಷ್ಯ ಬದುಕ್ತಾನ. ಇಲಿ ಸುಮ್ಮನಾದ ಮನ್ಯಾಗ ಕಾಲಿಡಬಾರ್ದು" ಎನ್ನುವಳು. ಅವಳು ಸಣ್ಣವಳಿದ್ದಾಗ ಪ್ಲೇಗಿನಲ್ಲಿ ಮೊದಲು ಮನೆಯ ಇಲಿಗಳು ಸತ್ತವು, ಆಮೇಲೆ ಅಪ್ಪ, ಅವ್ವ.

ನಾವಿಬ್ಬರೂ ಜೇವರ್ಗಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕೂಲಿ ಮಾಡುತ್ತಿದ್ದೆವು. ಹೊಸ ಸೊಸೆಯಾಗಿದ್ದ ನನಗೆ ಕೆಲಸ ಕಲಿಸಿದವಳು ಅವಳೇ. "ಮಾರಿಗೆ ಸೆರಗು ಕಟ್ಕೋ ಬೇ, ಧೂಳು ತಿಂದ್ರ ಹೊಟ್ಟಿ ತುಂಬಂಗಿಲ್ಲ" ಎಂದು ಗದರುತ್ತಿದ್ದಳು. ಊಟಕ್ಕೆ ಕೂತಾಗ ತನ್ನ ರೊಟ್ಟಿಯ ಮೇಲಿನ ಶೇಂಗಾ ಹಿಂಡಿಯನ್ನು ನನ್ನ ರೊಟ್ಟಿಗೆ ಸರಿಸುವಳು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷ ಊರಲ್ಲಿ ಇಲಿ ಸತ್ತು ಬಿದ್ದವು. ಎಲ್ಲರೂ ಮನೆಗೆ ಬೀಗ ಹಾಕಿ ಊರು ಬಿಟ್ಟೆವು. ಜಿನ್ನಿನ ಸಾವುಕಾರ ದೂರದ ತೋಟದ ಮನೆ ಸೇರಿದ. ನಾವು ಅವನದೇ ಬೀಳು ಹೊಲದಲ್ಲಿ ಗುಡಿಸಲು ಹಾಕಿದೆವು. ಡಾಕ್ಟರು ಬಂದು ಸಾವುಕಾರನ ಮನೆಯವರಿಗೂ ಜಿನ್ನಿನ ಲೆಕ್ಕ ನೋಡುವ ಮುನಶಿಗೂ ಸೂಜಿ ಹಾಕಿದರು. ನಮ್ಮ ಸರದಿ ಬರುವಷ್ಟರಲ್ಲಿ ಮದ್ದು ತೀರಿತ್ತಂತೆ!

ಬೇನೆ ಇನ್ನೂ ಹೋಗಿರಲಿಲ್ಲ, ಮುನಶಿ ಬಂದ. "ನಾಳಿಂದ ಜಿನ್ ಚಾಲೂ. ಬರದವ್ರು ಗುಡಿಸಲು ಕಿತ್ಕೊಂಡು ನಡೀರಿ."

ಎಲ್ಲಿಗೆ ನಡೆಯುವುದು? ಊರೊಳಗೆ ಪ್ಲೇಗು. ನನ್ನ ತವರೂರು ಮಟಕಿಯವರು ಊರಬಾಗಿಲಿಗೆ ಮುಳ್ಳು ಬಡಿದಿದ್ದರು; ಹೆತ್ತ ಮಗಳಾದರೂ ಒಳಗೆ ಬಿಡುತ್ತಿರಲಿಲ್ಲ.

ಮರುದಿನ ಜಿನ್ನಿನ ಬಾಗಿಲಲ್ಲಿ ಚಂದಕ್ಕ ಕೋಲು ಬಡಿದಳು. ಸದ್ದಿಲ್ಲ. ಮತ್ತೆ ಬಡಿದಳು.

"ಒಳಗ ಒಂದೂ ಇಲಿ ಇಲ್ರಿ."

"ಇಲ್ಲಂದ್ರ ಛಲೋನ ಆತಲ್ಲ!" ಎಂದ ಮುನಶಿ.

"ಹತ್ತಿಬೀಜದ ರಾಶಿ ಬಿಟ್ಟು ಇಲಿ ಎಲ್ಲಿಗೆ ಹೋಗ್ತಾವ್ರಿ? ಸತ್ತು ಬಿದ್ದಾವ. ನಿಮಗ ಸೂಜಿ ಹಾಕ್ಯಾರಲ್ಲ, ಮೊದಲ ನೀವ ಒಳಗ ಬರ್ರಿ."

ಆ ಪುಣ್ಯಾತ್ಮ ಹೊಸ್ತಿಲು ದಾಟಲಿಲ್ಲ. ನೆನೆದರೆ ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಮೂಗಿಗೆ ವಸ್ತ್ರ ಹಿಡಿದು, "ಒಳಗ ಹೋಗ್ತೀರೋ, ಗುಡಿಸಲು ಕೀಳಸ್ಲೋ?" ಎಂದ.

ಚಂದಕ್ಕ ನಮ್ಮನ್ನೆಲ್ಲ ಒಮ್ಮೆ ನೋಡಿದಳು. "ಹಿಂದ ನಿಲ್ರಿ" ಎಂದು ತಾನೇ ಮೊದಲು ಹೋಗಿ, ಸತ್ತ ಇಲಿಗಳನ್ನು ಕೋಲಿನಿಂದ ಹೊರಗೆಳೆದು ಬೆಂಕಿಗೆ ಹಾಕಿದಳು. ಅಂದಿನಿಂದ ದಿನಾ ಬೆಳಿಗ್ಗೆ ಅದೇ ಕೆಲಸ. ಅವಳು ಕರೆದ ಮೇಲೆಯೇ ನಾವು ಒಳಗೆ.

ವಾರ ಕಳೆದಿರಲಿಲ್ಲ, ಅವಳ ಬಗಲಲ್ಲಿ ಗಡ್ಡೆ ಎದ್ದಿತು. ಮುನಶಿ ಅವಳ ಗುಡಿಸಲನ್ನು ಹಳ್ಳದಾಚೆ ಹಾಕಿಸಿದ. ಸಂಜೆ ಗಂಜಿ ಒಯ್ದೆ. ಜ್ವರದಲ್ಲಿ ಕಣ್ಣು ಕೆಂಡವಾಗಿದ್ದವು.

"ಅಲ್ಲೇ ನಿಲ್ಲು ಬೇ! ಇಟ್ಟು ಹೋಗು."

ನಾನು ಅಳುತ್ತ ಗಂಜಿ ಇಟ್ಟೆ. ಗುಡಿಸಲ ಬಾಯಿಗೆ ಒರಗಿಸಿದ್ದ ಕೋಲಿನ ಕಡೆ ನನ್ನ ಕಣ್ಣು ಹೋಯಿತು. ನಾನು ನೋಡಿದ್ದನ್ನು ಅವಳೂ ಕಂಡಳು.

"ಅದನ್ನ ಮುಟ್ಟಬ್ಯಾಡ. ನಿನಗ ಹೊಸಾದು ಕಡ್ಕೋ."

ಬೆಳಗಾಗುವಷ್ಟರಲ್ಲಿ ಅವಳ ಜೀವ ಹೋಗಿತ್ತು. ನಾನು ಬೇವಿನ ಟೊಂಗೆ ಕಡಿದು ಜಿನ್ನಿಗೆ ಹೋದೆ. ಹೆಂಗಸರು ನನ್ನ ಹಿಂದೆ ನಿಂತರು. ಬಾಗಿಲಲ್ಲಿ ನೆಲ ಬಡಿದೆ, ಕಿವಿಗೊಟ್ಟೆ. ಏನೂ ಓಡಲಿಲ್ಲ.

"ನಡೀರಿ, ನಡೀರಿ" ಎಂದ ಮುನಶಿ, ದೂರದಿಂದ.

ನಾನು ಮೊದಲು ಒಳಗೆ ಹೋದೆ.