ಪಾಳಿ ಬದಲಾದ ಮುಂಜಾನೆ

ಕಣ್ಣು ಮುಚ್ಚಿ ಕುಳಿತರೆ ಎದೆಯ ಬೆಂಕಿ ಆರುತ್ತದೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಈಗಲೂ ಪೂರ್ತಿ ನಂಬಿದ್ದೇನೆಂದು ಸುಳ್ಳು ಹೇಳಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ, ನೀವು ಹುಚ್ಚ ಅಂದರೂ ಅನ್ನಿ.

ಕಾಯಿನ್ ಫೋನಿನ ಕಾಲ. ಫೌಜು ಬಿಟ್ಟು ಬಂದು ಬ್ಯಾಡಗಿಯ ಮೆಣಸಿನಕಾಯಿ ಗೋದಾಮೊಂದರಲ್ಲಿ ವಾಚ್‌ಮನ್ ಆಗಿದ್ದೆ. ಕಣ್ಣು ಮುಚ್ಚಿದರೆ ಫಕ್ಕೀರಪ್ಪ ಕಾಣುತ್ತಿದ್ದ. ಕಾಗಿನೆಲೆಯವನು, ಒಂದೇ ಬಂಕರಿನಲ್ಲಿ ನನ್ನ ಜೊತೆಗಿದ್ದವನು. ಹಿಮದಲ್ಲಿ ಅವನ ಪಹರೆ ಮುಗಿದಾಗ ಹೋಗಿ ನಿಲ್ಲಬೇಕಾಗಿದ್ದವನು ರಾಣೆಬೆನ್ನೂರಿನ ಚಂದ್ರು. ಅವನು ಮಲಗಿಬಿಟ್ಟ. ಬದಲಿಯವನು ಬರುವವರೆಗೆ ಜಾಗ ಬಿಡಬಾರದೆಂಬುದು ನಮ್ಮ ಕಟ್ಟಳೆ. ಫಕ್ಕೀರಪ್ಪ ಬಿಡಲಿಲ್ಲ. ಬೆಳಗ್ಗೆ ನೋಡಿದರೆ ಬಂಡೆಗೆ ಒರಗಿ, ಬಂದೂಕು ಹಿಡಿದೇ ಮರಗಟ್ಟಿ ಸತ್ತಿದ್ದ.

ಚಂದ್ರು ಮಾತ್ರ ಊರಿಗೆ ಬಂದು ಹಿಟ್ಟಿನ ಗಿರಣಿ ಹಾಕಿ ಹೊಟ್ಟೆ ಬೆಳೆಸಿದ್ದ. ಅವನನ್ನು ಕೊಚ್ಚಿ ಹಾಕಬೇಕು. ನನಗೆ ಉಳಿದಿದ್ದದ್ದು ಅದೊಂದೇ ಆಸೆ.

ಹೆಂಡತಿಯ ಕಾಟ ತಾಳಲಾರದೆ, ಹಾವೇರಿಯಲ್ಲಿ ಮಾಜಿ ಸೈನಿಕರಿಗೆಂದು ರವಿವಾರ ಮುಂಜಾನೆ ನಡೆಯುತ್ತಿದ್ದ ಧ್ಯಾನದ ಕ್ಲಾಸಿಗೆ ಹೋಗತೊಡಗಿದೆ. ಕಲಿಸುತ್ತಿದ್ದವರು ಫೌಜಿನ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದ ಸುಬೇದಾರರು.

"ಎದಿ ಮ್ಯಾಲೆ ಕೈ ಇಟಗೋರಿ. ಗಾಯ ಆದ ಜವಾನನ ಜೋಡಿ ಹೆಂಗ ಮಾತಾಡ್ತಿದ್ರಿ, ಹಂಗ ನಿಮ್ಮ ಜೋಡಿ ನೀವು ಮಾತಾಡ್ರಿ," ಎನ್ನುತ್ತಿದ್ದರು.

ಉಳಿದವರು ಉಸಿರು ಗಮನಿಸುತ್ತಿದ್ದರೆ ನಾನು ಒಳಗೊಳಗೇ ಕೊಲೆಯ ತಾಲೀಮು ನಡೆಸುತ್ತಿದ್ದೆ. ಗಿರಣಿಯ ಬಾಗಿಲು, ಚಂದ್ರುವಿನ ಕುತ್ತಿಗೆ, ನನ್ನ ಕುಡುಗೋಲು. ನನ್ನಷ್ಟು ಏಕಾಗ್ರತೆ ಅಲ್ಲಿ ಯಾರಿಗೂ ಇರಲಿಲ್ಲ. ಸುಬೇದಾರರು ಎಲ್ಲರೆದುರು ಹೊಗಳಿದ್ದೂ ಉಂಟು.

ಆ ರವಿವಾರ ಕುಡುಗೋಲು ಚೀಲದಲ್ಲೇ ಇತ್ತು. ಕ್ಲಾಸು ಮುಗಿಸಿ ಸೀದಾ ರಾಣೆಬೆನ್ನೂರಿನ ಬಸ್ಸು ಹತ್ತುವವನಿದ್ದೆ. ಎದೆಯ ಮೇಲೆ ಕೈಯಿಟ್ಟೆ. ಯಾಕೋ ಚಂದ್ರುವಿನ ಕುತ್ತಿಗೆಯ ಬದಲು ಬಂಕರು ಕಂಡಿತು. ಚಂದ್ರು ಗೊರಕೆ ಹೊಡೆಯುತ್ತಿದ್ದಾನೆ. ನಾನು ಎಚ್ಚರವಾಗಿದ್ದೇನೆ. ಹೌದು, ಎಚ್ಚರವಾಗಿದ್ದೆ. ಗಡಿಯಾರವನ್ನೂ ನೋಡಿದ್ದೆ. ಇವನನ್ನು ಎಬ್ಬಿಸಬೇಕು ಅಂದುಕೊಳ್ಳುತ್ತಲೇ ರಜಾಯಿ ಎಳೆದುಕೊಂಡು ನಿದ್ದೆಹೋಗಿದ್ದೆ. ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಆಗ ನನ್ನ ಎಡಭುಜವನ್ನು ಯಾರೋ ಎರಡು ಸಲ ಅದುಮಿದರು. ಪಹರೆ ಬದಲಿಸುವಾಗ ನಾವು ಮಾತಾಡುತ್ತಿರಲಿಲ್ಲ, ಹೀಗೇ ಅದುಮುತ್ತಿದ್ದೆವು: ನಿನ್ನ ಪಾಳಿ ಮುಗಿಯಿತು, ಹೋಗಿ ಮಲಗು ಅಂತ. ಆ ಕೈಗೆ ಹೆಬ್ಬೆರಳಿನ ತುದಿ ಇರಲಿಲ್ಲ. ಫಕ್ಕೀರಪ್ಪನಿಗೂ ಇರಲಿಲ್ಲ. ಕಣ್ಣು ತೆರೆದು ತಿರುಗಿದರೆ ನನ್ನ ಬೆನ್ನ ಹಿಂದೆ ಬರೀ ಗೋಡೆ. ಅಷ್ಟು ಜನರ ನಡುವೆ ನಾಚಿಕೆ ಬಿಟ್ಟು ಅತ್ತೆ.

ಆದರೂ ರಾಣೆಬೆನ್ನೂರಿಗೆ ಹೋದೆ. ಸೇಡು ಅಷ್ಟು ಸಲೀಸಾಗಿ ಇಳಿಯುವುದಿಲ್ಲ. ಗಿರಣಿ ಬಂದಾಗಿತ್ತು, ಚಂದ್ರು ಕಟ್ಟೆಯ ಮೇಲೆ ಕುಳಿತಿದ್ದ, ಕಣ್ಣು ಕೆಂಪಾಗಿದ್ದವು. ನನ್ನನ್ನು ನೋಡಿ ಹೆದರಲಿಲ್ಲ.

"ಬಾ, ಕುಂದ್ರು," ಎಂದ. "ಇವತ್ತ ಗಿರಣಿ ಚಾಲೂ ಮಾಡಾಕ ಬಗ್ಗಿದ್ದೆ. ಫಕ್ಕೀರಪ್ಪ ಬಂದು ಭುಜಾ ಅದುಮಿದ. ಖರೇ ಹೇಳ್ತೇನಿ, ಅವಂದ ಕೈ."

ಎಷ್ಟು ಹೊತ್ತಿಗೆ ಎಂದು ಕೇಳಿದೆ. ಏಳಕ್ಕೆ ಎಂದ. ನಮ್ಮ ಕ್ಲಾಸು ಶುರುವಾಗುವುದೇ ಎಂಟಕ್ಕೆ.

ಚೀಲ ಬಿಚ್ಚದೆ ವಾಪಸು ಬಂದೆ. ಅದೇನೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಚಂದ್ರುವಿನ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ಅದೂ ಗೊತ್ತಿಲ್ಲ. ಆದರೆ ನನಗಿಂತ ಮೊದಲು ಅವನ ಹತ್ತಿರ ಹೋದದ್ದಕ್ಕೆ ಫಕ್ಕೀರಪ್ಪನನ್ನು ನಾನು ಇನ್ನೂ ಕ್ಷಮಿಸಿಲ್ಲ.