ಏಳು ಆದಿತ್ಯವಾರದ ಬಿಸಿಲು

ಲೂಪಸ್ ಎಂಬ ರೋಗದ ಹೆಸರನ್ನು ನಾನು ಕೇಳಿದ್ದು ಮುದುಕಿಯಾದ ಮೇಲೆ, ಡಾಕ್ಟರಿಕೆ ಓದಿದ ಮೊಮ್ಮಗಳ ಬಾಯಲ್ಲಿ. ನಿಜಾಮರ ಕಾಲದ ಕಲಬುರಗಿಯಲ್ಲಿ ಹೆಣ್ಣುಮಗಳ ಮುಖದ ಮೇಲೆ ಕೆಂಪು ಕಲೆ ಎದ್ದರೆ ನಮಗೆ ಹೊಳೆಯುತ್ತಿದ್ದದ್ದು ಒಂದೇ ಹೆಸರು, ಮಹಾರೋಗ, ಅಂದರೆ ಕುಷ್ಠ.

ಕಮಲಾಪುರಕ್ಕೆ ಕೊಟ್ಟಿದ್ದ ಅಕ್ಕ ಆ ಚಳಿಗಾಲ ತವರಿಗೆ ಬಂದಿಳಿದಾಗ ಎರಡೂ ಕೆನ್ನೆ, ನಡುವೆ ಮೂಗಿನ ಮೇಲೂ, ಕುಂಕುಮ ಸವರಿದಂತೆ ಕೆಂಪಾಗಿತ್ತು. "ಮಾರಿ ನೆಟ್ಟಗಾದ ಮ್ಯಾಲೇ ಕಳಸ್ರಿ" ಎಂದು ಅವಳ ಅತ್ತೆ ಹೇಳಿ ಕಳಿಸಿದ್ದಳು. ಆಗದಿದ್ದರೆ? ಆ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ.

ಚರ್ಮದ ಬ್ಯಾನಿಗೆ ಸೂರ್ಯದೇವರೇ ವೈದ್ಯ ಎಂಬುದು ಅವ್ವನ ನಂಬಿಕೆ. ಏಳು ಆದಿತ್ಯವಾರ ಉಪವಾಸವಿದ್ದು, ಒದ್ದೆ ಸೀರೆಯಲ್ಲಿ ಮಾಳಿಗೆ ಹತ್ತಿ, ಅರ್ಘ್ಯ ಕೊಟ್ಟು, ಸೆರಗು ಮರೆಮಾಡದೆ ಬಿಸಿಲು ಚುರುಗುಟ್ಟುವವರೆಗೆ ಮುಖವೊಡ್ಡಿ ನಿಲ್ಲಬೇಕು. ತಂಬಿಗೆ ಹಿಡಿದು ಜೊತೆಗೆ ನಿಲ್ಲುವುದು ನನ್ನ ಕೆಲಸ.

ನನ್ನದು ಹುಟ್ಟಿನಿಂದಲೇ ಸಂಶಯದ ಸ್ವಭಾವ. ಅಕ್ಕನ ತಲೆ ಬಾಚುವವಳು ನಾನು, ಹಾಗಾಗಿ ಬಾಚಣಿಗೆ ತುಂಬ ಬರುವ ಕೂದಲು ಮೊದಲು ಕಂಡದ್ದೂ ನನಗೇ. ಬೆಳಿಗ್ಗೆ ಬೆರಳು ಬಿಗಿದು ಅವಳಿಗೆ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ. ಅವ್ವ ಅದನ್ನು ಮೈಗಳ್ಳತನ ಅಂದಳು. ಬಾಯಲ್ಲಿ ಹುಣ್ಣು, ಸಂಜೆಗೆ ಸಣ್ಣ ಜ್ವರ. ಪ್ರತಿ ಸೋಮವಾರ ಕೆನ್ನೆ ಇನ್ನಷ್ಟು ಕೆಂಪು. ಗದ್ದದ ಕೆಳಗೆ, ನೆರಳು ಬೀಳುವಲ್ಲಿ ಮಾತ್ರ, ಚರ್ಮ ಚೊಕ್ಕಟವಾಗಿತ್ತು.

"ಅವ್ವಾ, ಬಿಸಲಾಗ ನಿಂತ ಮರುದಿನಾನೇ ಹೆಚ್ಚಾಗಾಕತ್ತದ" ಅಂದೆ.

"ದೇವರ ಮ್ಯಾಲೆ ಅಪವಾದ ಹೊರಸ್ತೀ? ಬಾಯಿ ಮುಚ್ಚು" ಎಂದು ಅವ್ವ ಗದರಿದಳು.

ಐದನೆಯ ವಾರ ಕಳೆದ ಮೇಲೆ ಅಪ್ಪ ನಮ್ಮಿಬ್ಬರನ್ನೂ ದವಾಖಾನೆಗೆ ಕರೆದೊಯ್ದ. ಡಾಕ್ಟರು ಅಕ್ಕನ ಕೆನ್ನೆಗೆ ಸೂಜಿ ಚುಚ್ಚಿ ನೋಡಿದರು. ಅವಳು ಚೀರಿದಳು. "ನೋವು ಗೊತ್ತಾಗ್ತದ. ಮಹಾರೋಗ ಅಲ್ರೀ. ಮತ್ತೇನಂತ ನನಗೂ ತಿಳೀವಲ್ದು" ಎಂದರು. ಅಪ್ಪ ಅಲ್ಲೇ ಕಣ್ಣೊರೆಸಿಕೊಂಡ. ಡಾಕ್ಟರರ ಕೊನೆಯ ಮಾತು ಅವನ ಕಿವಿಗೆ ಬೀಳಲೇ ಇಲ್ಲ.

ಮನೆಯಲ್ಲಿ ಅವ್ವ ತುಪ್ಪದ ದೀಪ ಹಚ್ಚಿದಳು. ವ್ರತವೇ ಕೈ ಹಿಡಿಯಿತಂತೆ. ಉಳಿದೆರಡು ವಾರ ತಪ್ಪಿಸಬಾರದಂತೆ. ಕಮಲಾಪುರಕ್ಕೆ ಸುದ್ದಿ ಹೋಯಿತು, ಬಂಡಿ ತರುತ್ತೇನೆಂದು ಭಾವನ ಉತ್ತರವೂ ಬಂತು. ಅಕ್ಕ ಎಷ್ಟೋ ದಿನದ ಮೇಲೆ ನಕ್ಕಳು. ಆ ನಗು ನೋಡಿ ನನ್ನ ಸಂಶಯವನ್ನು ನಾನೇ ನುಂಗಿಕೊಂಡೆ.

ಆರನೆಯ ಆದಿತ್ಯವಾರ ಮಾಳಿಗೆಯ ಮೇಲೆ ಅವಳು ಮುಖ ಹೊರಳಿಸಿದಳು. "ಸಾಕವ್ವಾ ತಂಗಿ, ಭಾಳ ಉರೀತದ" ಅಂದಳು.

"ಇನ್ನೊಂದೀಟು ತಡಿ ಅಕ್ಕಾ. ನಿನ್ನ ಮನಿಗೆ ಹೋಗೂದಿಲ್ಲೇನು?" ಎಂದು ಗದ್ದ ಹಿಡಿದು ಮತ್ತೆ ಬಿಸಿಲಿಗೆ ತಿರುಗಿಸಿದೆ.

ಏಳನೆಯ ವಾರ ಅವಳಿಗೆ ಏಳಲಾಗಲಿಲ್ಲ. ಮುಖ, ಕಾಲು ಬಾತುಹೋಗಿದ್ದವು. ಭಾವ ಬಂಡಿ ತರುವಷ್ಟರಲ್ಲಿ ಅಕ್ಕ ಇರಲಿಲ್ಲ.

"ಈ ಲೂಪಸ್ ರೋಗಕ್ಕ ಬಿಸಲು ಆಗೂದಿಲ್ಲ ಅಜ್ಜಿ, ಹೆಚ್ಚಾದ್ರ ಮೂತ್ರಪಿಂಡಾನೂ ಕೆಡಸ್ತದ" ಎಂದು ಮೊಮ್ಮಗಳು ಹೇಳಿದಾಗ ನಾನು ಹೂಂ ಅಂದೆ. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಅಕ್ಕನ ಗದ್ದ ಹಿಡಿದೆ.