ಪಾಯಿಂಟ್ ನುಂಗಿದ ಸಾಲು

ಅಕ್ಕನ ಕೈ ನಡುಗುವುದನ್ನು ನಾನು ಮೊದಲು ಗಮನಿಸಿದ್ದು ಅವಳು ಕಾಫಿ ಕೊಡುವಾಗ. ಕುಣಿಗಲ್‌ನ ಅವಳ ಮನೆಗೆ ಭಾನುವಾರ ಹೋಗಿದ್ದೆ. ಲೋಟ ಅಲುಗಾಡಿ ಕಾಫಿ ನನ್ನ ಬೆರಳ ಮೇಲೆ ತುಳುಕಿತು. ಮುಖ ಇಳಿದುಹೋಗಿತ್ತು, ಕುಪ್ಪಸದ ತೋಳು ಜೋಲುತ್ತಿತ್ತು.

"ಎದೆ ಡವಡವ ಅಂತದೆ ಕಣೇ. ಕೂತ್ರೂ ಅಷ್ಟೇ, ಮಲಗಿದ್ರೂ ಅಷ್ಟೇ."

ಟಿವಿಯಿಂದ ಕಣ್ಣು ತೆಗೆಯದೆ ಭಾವ ಹೇಳಿದರು: "ರಿಪೋರ್ಟ್ ನಾರ್ಮಲ್ ಬಂದೈತೆ. ನಿಮ್ಮಕ್ಕ ಸುಮ್ನೆ ಯೋಚ್ನೆ ಹಚ್ಕೊಂಡವ್ಳೆ."

ಅಕ್ಕನಿಗೆ ಮೊದಲಿನಿಂದ ಥೈರಾಯ್ಡ್ ಇದೆ. ಒಂದೇ ಮಾತ್ರೆಯಲ್ಲಿ ಚೆನ್ನಾಗಿಯೇ ಇದ್ದಳು. ಪರೀಕ್ಷೆಯ ಸಂಖ್ಯೆ ಅರ್ಧದಿಂದ ಐದರೊಳಗೆ ಇರಬೇಕು; ಏರಿದರೆ ಮಾತ್ರೆ ಸಾಲದು, ಇಳಿದರೆ ಮಾತ್ರೆ ಹೆಚ್ಚಾಯಿತು ಎಂದರ್ಥ. ಎರಡು ತಿಂಗಳ ಹಿಂದೆ ರಕ್ತ ಪರೀಕ್ಷೆಯಲ್ಲಿ ನಲವತ್ತೆಂಟು ಎಂದು ಬಂದು, ಡಾಕ್ಟರು ಗಾಬರಿಯಾಗಿ ಮಾತ್ರೆಯನ್ನು ದುಪ್ಪಟ್ಟು ಮಾಡಿದ್ದರು. ಮೊನ್ನೆ ಮತ್ತೆ ಪರೀಕ್ಷೆ ಮಾಡಿಸಿದಾಗ ಮೂರಕ್ಕೆ ಇಳಿದಿತ್ತು. ಸರಿಹೋಗಿದೆ, ಇದನ್ನೇ ಮುಂದುವರಿಸಿ ಎಂದಿದ್ದರಂತೆ.

ನಾನು ರಿಪೋರ್ಟ್ ತೆಗೆದು ನೋಡಿದೆ. ಮೂರು ಎಂದು ಇರಲಿಲ್ಲ. 03 ಎಂದಿತ್ತು. ಮೂರನ್ನು ಯಾರು ಸೊನ್ನೆ ಮೂರು ಎಂದು ಬರೆಯುತ್ತಾರೆ? ಕಾಗದದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ತುಮಕೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಹೆಸರಿತ್ತು. ಆಗ ನಾನು ಕೆಲಸ ಮಾಡುತ್ತಿದ್ದ ಕಂಪನಿಯೇ. ನನ್ನ ಮೈ ಉರಿದುಹೋಯಿತು.

ಲ್ಯಾಬ್‌ಗಳಿಗೆ ರಿಪೋರ್ಟ್ ಮುದ್ರಿಸುವ ಆ ಪ್ರೋಗ್ರಾಂನಲ್ಲಿ ಸಂಖ್ಯೆ ಟೈಪ್ ಮಾಡುವ ಬಾಕ್ಸುಗಳ ಕೆಲಸ ನನ್ನದು. ಬಾಕ್ಸಿಗೆ ಬಂದದ್ದು ನಿಜವಾಗಿ ಸಂಖ್ಯೆಯೇ ಎಂದು ನೋಡಲು ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆಯುತ್ತೇವೆ. ಬಂದ ಅಕ್ಷರಗಳು ಯಾವ ಆಕಾರದಲ್ಲಿರಬೇಕು ಎಂದು ಹೇಳುವ ಒಂದು ಸಾಲಿನ ನಿಯಮ ಅದು. ನನ್ನ ಸಾಲು ಹೇಳುತ್ತಿದ್ದದ್ದು ಇಷ್ಟೇ: ಮೊದಲು ಅಂಕಿ, ಬೇಕಿದ್ದರೆ ಒಂದೇ ಒಂದು ಪಾಯಿಂಟ್, ಅದರ ಮುಂದೆ ಮತ್ತೆ ಅಂಕಿ. ನಡುವೆ ಜಾಗ ಬಿಟ್ಟರೆ, ಸೊನ್ನೆಯ ಬದಲು ಇಂಗ್ಲಿಷಿನ ಓ ಒತ್ತಿದರೆ, ಕೆಂಪು ಅಕ್ಷರದಲ್ಲಿ ತಡೆದು ನಿಲ್ಲಿಸುತ್ತಿತ್ತು.

ಆ ಕೆಂಪು ನಮ್ಮ ಬಾಸ್‌ಗೆ ಆಗುತ್ತಿರಲಿಲ್ಲ. "ನೋಡಮ್ಮಾ, ಕಸ್ಟಮರ್‌ಗೆ ತಪ್ಪು ತಪ್ಪು ಅಂತ ಹೇಳ್ತಾ ಕೂತ್ರೆ ಯಾರು ತಗೋತಾರೆ? ಫೋನ್ ನಂಬರ್ ಬಾಕ್ಸಲ್ಲಿ ಅಂಕಿ ಬಿಟ್ಟು ಮಿಕ್ಕಿದ್ದೆಲ್ಲ ತಾನೇ ಅಳಿಸ್ಕೊಳತ್ತಲ್ಲ, ಅದನ್ನೇ ಎಲ್ಲಾದಕ್ಕೂ ಹಾಕು."

"ಸಾರ್, ಅದು ಪಾಯಿಂಟನ್ನೂ ಅಳಿಸುತ್ತೆ. ಫೋನ್ ನಂಬರಿಗೆ ಪಾಯಿಂಟ್ ಇಲ್ಲ, ರಕ್ತಕ್ಕೆ ಇದೆ."

"ಆಯ್ತು ಆಯ್ತು, ಬಿಡು," ಎಂದಿದ್ದರು. ನಾನು ನಂಬಿದ್ದೆ.

ಅಕ್ಕನ ರಿಪೋರ್ಟ್ ಹಿಡಿದು ನೇರ ಲ್ಯಾಬಿಗೆ ನಡೆದೆ. ಅಲ್ಲಿದ್ದ ಟೆಕ್ನಿಷಿಯನ್ ನನ್ನ ಮುಖ ನೋಡಿಯೇ ಎದ್ದು ನಿಂತಳು. ಉಳಿದ ಪರೀಕ್ಷೆಗಳೆಲ್ಲ ದೊಡ್ಡ ಮೆಷಿನ್‌ನಿಂದ ತಂತಿಯಲ್ಲೇ ಕಂಪ್ಯೂಟರಿಗೆ ಬರುತ್ತಿದ್ದವು. ಥೈರಾಯ್ಡ್ ಮಾತ್ರ ಸಣ್ಣ ಮೆಷಿನ್ ನೋಡಿ ಕೈಯಲ್ಲಿ ಟೈಪ್ ಮಾಡಬೇಕಿತ್ತು. ಅವಳು ಆ ಮೆಷಿನ್‌ನ ಹಳೆಯ ಫಲಿತಾಂಶಗಳನ್ನು ಹಿಂದೆ ಹಿಂದೆ ಸರಿಸಿ ತೋರಿಸಿದಳು. ಅಕ್ಕನ ಮೊದಲನೆಯದು 4.8. ಎರಡನೆಯದು 0.3.

"ಪಾಯಿಂಟ್ ಹಾಕೇ ಟೈಪ್ ಮಾಡಿದ್ದು ಮೇಡಂ, ನನ್ನಾಣೆಗೂ!"

"ಈಗ ಮಾಡಿ, ನೋಡೋಣ."

0.3 ಎಂದು ಒತ್ತಿದಳು. ಪರದೆಯ ಮೇಲೆ ಪಾಯಿಂಟ್ ಇತ್ತು. ಸೇವ್ ಮಾಡಿ ಪ್ರಿಂಟ್ ತೆಗೆದರೆ 03. ಅವಳು ಕುರ್ಚಿಯಲ್ಲಿ ಕೂತು ಇನ್ನೊಮ್ಮೆ ಪ್ರಿಂಟ್ ತೆಗೆದಳು. ಮತ್ತೆ 03.

ಎಂದರೆ ಎರಡು ತಿಂಗಳು ಅಕ್ಕ ಬೇಡದಷ್ಟು ಮಾತ್ರೆ ನುಂಗಿದ್ದಳು. ಎದೆ ಹೊಡೆದುಕೊಳ್ಳುತ್ತಿದೆ ಎಂದರೆ ಮನೆಯವರೆಲ್ಲ ಅವಳನ್ನೇ ಆಡಿಕೊಂಡಿದ್ದರು.

ಅಲ್ಲಿಂದಲೇ ಬಾಸ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಎಲ್ಲ ಕೇಳಿಸಿಕೊಂಡು ಅವರು, "ಹೋದ ಅಪ್‌ಡೇಟಲ್ಲಿ ನಾನೇ ಒಂಚೂರು ಚೇಂಜ್ ಮಾಡಿದ್ದೆ," ಎಂದರು. ಆಮೇಲೆ ದನಿ ತಗ್ಗಿಸಿ, "ಟೈಪ್ ಮಾಡೋರು ನೋಡ್ಕೊಂಡಿಲ್ಲ ಅಂತ ಹೇಳ್ಬುಡು. ಮುಗೀತದೆ," ಎಂದರು.

ಎದುರಿಗೆ ಕೂತ ಆ ಹೆಂಗಸಿನ ಮುಖದಲ್ಲಿ ರಕ್ತ ಇರಲಿಲ್ಲ.

"ಅವರು ಕೇಳಿಸ್ಕೋತಾ ಇದಾರೆ ಸಾರ್. ನಾನು ಸಾಯಂಕಾಲ ಡಾಕ್ಟರ್ ಹತ್ರ ಹೋಗಿ ನಡೆದಿದ್ದು ನಡೆದ ಹಾಗೇ ಹೇಳ್ತೀನಿ. ನಿಮ್ಮ ಹೆಸರೂ ಹೇಳ್ತೀನಿ. ಅಷ್ಟರೊಳಗೆ ಎಲ್ಲಾ ಲ್ಯಾಬಿಗೂ ನೀವೇ ಫೋನ್ ಮಾಡಿ ಪ್ರಿಂಟ್ ನಿಲ್ಲಿಸಿ."

"ಯಾರ ಹತ್ರ ಮಾತಾಡ್ತಿದೀಯಾ ಗೊತ್ತಾ?"

"ಗೊತ್ತು," ಎಂದು ಫೋನ್ ಇಟ್ಟೆ.

ಡಾಕ್ಟರು ಬೇರೆ ಲ್ಯಾಬಿನಲ್ಲಿ ಮತ್ತೆ ರಕ್ತ ತೆಗೆಸಿದರು. ಅಲ್ಲೂ ಕಡಿಮೆಯೇ ಬಂತು. ಹಳೆಯ ಮಾತ್ರೆಗೇ ಇಳಿಸಿದರು. ಟೆಕ್ನಿಷಿಯನ್ ಹಳೆಯ ಫಲಿತಾಂಶಗಳನ್ನೆಲ್ಲ ಹುಡುಕಿ, ತಪ್ಪು ರಿಪೋರ್ಟ್ ಹೋದ ಮನೆಮನೆಗೂ ತಾನೇ ಫೋನ್ ಮಾಡಿದಳು. ಗುಬ್ಬಿಯ ಒಂದು ಲ್ಯಾಬಿನಲ್ಲೂ ಇದೇ ಆಗಿತ್ತೆಂದು ಆಮೇಲೆ ತಿಳಿಯಿತು.

ಸೋಮವಾರ ಆಫೀಸಿನಲ್ಲಿ ನನ್ನ ಸಾಲನ್ನು ವಾಪಸ್ ಹಾಕಿದೆ. ಬಾಸ್ ನನ್ನ ಹಿಂದೆಯೇ ನಿಂತಿದ್ದರು. ಮಧ್ಯಾಹ್ನ ಗ್ರಾಹಕರಿಗೆಲ್ಲ ಹೋದ ಮೆಸೇಜಿನಲ್ಲಿ 'ಸಂಖ್ಯೆ ನಮೂದಿಸುವ ವಿಧಾನವನ್ನು ಇನ್ನಷ್ಟು ಉತ್ತಮಪಡಿಸಲಾಗಿದೆ' ಎಂದಿತ್ತು. ಉತ್ತಮಪಡಿಸಲಾಗಿದೆಯಂತೆ! ಅಂದೇ ರಾಜೀನಾಮೆ ಕೊಟ್ಟು ಎದ್ದೆ. ಈಗ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪ್ರೋಗ್ರಾಂ ಬರೆಯುತ್ತೇನೆ.

ಅಕ್ಕ ಚೇತರಿಸಿಕೊಂಡಿದ್ದಾಳೆ. ಭಾವ ಮುಜುಗರದಿಂದಲೇ ಅವಳ ಜೊತೆ ಪ್ರತಿ ಸಲ ಡಾಕ್ಟರ ಹತ್ತಿರ ಹೋಗುತ್ತಾರೆ. "ಬುಡು, ಆಗಿದ್ದು ಆಗೋಯ್ತು," ಎನ್ನುತ್ತಾಳೆ ಅಕ್ಕ. ನನ್ನಿಂದ ಬಿಡಲಾಗುವುದಿಲ್ಲ. ನಿಮ್ಮಕ್ಕ ಹೇಗಿದ್ದಾರೆ ಎಂದು ಆ ಬಾಸ್ ಅನ್ನಿಸಿಕೊಂಡ ಮನುಷ್ಯ ಇವತ್ತಿನವರೆಗೂ ಒಂದು ಮಾತು ಕೇಳಿಲ್ಲ.